ಗೋಡೆಯಾಚೆಯ ಹದಿನಾಲ್ಕು ಮಕ್ಕಳು

ಹುಣಸಿಕೊಪ್ಪ, ಗುಂಜಿ ಅಂಚೆ,
ತಾಲೂಕು ಖಾನಾಪುರ
14 ಜೂನ್ 1982

ಕುಮುದಿನಿ ಪೋತದಾರ ಬಾಯಿಯವರಿಗೆ,

ನೀವು ಕಳೆದ ತಿಂಗಳು ಶಾಲೆಯ ನೌಕರಿಯಿಂದ ನಿವೃತ್ತರಾಗಿ ಬೆಳಗಾವಿಯ ಶಹಾಪುರದಲ್ಲಿ ತಮ್ಮನ ಮನೆಗೆ ಬಂದಿರುವಿರೆಂದು ತಿಳಿಯಿತು. ವಿಳಾಸ ಕೊಟ್ಟವರು ಯಾರೆಂದು ಬರೆಯುವ ಅಗತ್ಯವಿಲ್ಲ. ಹನ್ನೊಂದು ವರ್ಷ ಒಂದು ಸಾಲು ಬರೆಯದವಳು ಈಗೇಕೆ ಬರೆಯುತ್ತಾಳೆ ಎಂದು ನಿಮಗೆ ಅನ್ನಿಸಬಹುದು. ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮಳೆ ಹಿಡಿಯುವ ಮುಂಚೆ ನಮ್ಮ ಕನ್ನಡ ಶಾಲೆಯ ಹಂಚು ಹೊಂದಿಸಲು ಆಳು ಹಚ್ಚಿದ್ದೆ. ಅಟ್ಟದ ಮೇಲಿದ್ದ ಒಂದು ತಗಡಿನ ಟ್ರಂಕನ್ನು ಅವರು ಇಳಿಸಿ ತಂದು ನಮ್ಮ ಪಡಸಾಲೆಯಲ್ಲಿಟ್ಟರು. ತೀರಿಹೋದ ಭರಮಣ್ಣ ಮಾಸ್ತರರ ಟ್ರಂಕು. ಶಾಲಾ ಸಮಿತಿಯ ಅಧ್ಯಕ್ಷೆಯಾಗಿ ಒಳಗಿನ ಕಾಗದ ನೋಡುವುದು ನನ್ನ ಕರ್ತವ್ಯ, ನೋಡಿದೆ. ಅವರ ಟಿಪ್ಪಣಿ ಪುಸ್ತಕದಲ್ಲಿ 1971ರ ಜನವರಿಯ ಒಂದು ಪುಟವಿದೆ. ಮೇಲೆ "ತಪಾಸಣೆ" ಎಂದಿದೆ. ಕೆಳಗೆ ಹದಿನಾಲ್ಕು ಮಕ್ಕಳ ಹೆಸರು, ಪ್ರತಿ ಹೆಸರಿನ ಎದುರು ಇನ್ನೊಂದು ಹೆಸರು. ಮಾರ್ತಾಂಡನ ಎದುರು ಬಸಯ್ಯ. ಸುಮನ್ ಎದುರು ಬಾಳವ್ವ. ಎಡಗಡೆಯವರೆಲ್ಲ ನಿಮ್ಮ ಮರಾಠಿ ಶಾಲೆಯ ಮಕ್ಕಳು. ಬಲಗಡೆಯವರು ನಮ್ಮ ಹಾಜರಿಪಟದಲ್ಲಿ ಹೆಸರಿದ್ದೂ ದನ ಕಾಯಲು ಹೋಗುತ್ತಿದ್ದವರು. ಕೊನೆಗೆ ಮಾಸ್ತರರ ದುಂಡು ಅಕ್ಷರದಲ್ಲಿ ಹೀಗಿದೆ: "ಊಟದ ಹೊತ್ತಿಗೆ ಬಾಯಿಯವರಿಗೆ ಮರಳಿಸುವುದು."

ಆ ತಪಾಸಣೆಯ ದಿನ ಏನಾಯಿತೆಂದು ನಿಮಗೂ ಗೊತ್ತು. ಸಾಹೇಬರು ಮುಂಜಾನೆ ನಮ್ಮ ಶಾಲೆ ಮುಗಿಸಿ ನಿಮ್ಮ ಶಾಲೆಯೊಳಗೆ ಹೋದರು. ಹಿಂದೆಯೇ ಹದಿನಾಲ್ಕು ಮಕ್ಕಳು ನಮ್ಮ ಅಂಗಳದಿಂದ ಎರಡೂ ಶಾಲೆಗಳ ನಡುಗೋಡೆ ಹಾರಿ ನಿಮ್ಮ ಅಂಗಳಕ್ಕೆ ಇಳಿದರು. ಸಾಹೇಬರು ಹೆಸರು ಕೇಳಿದಾಗ ಬಸಯ್ಯ, ಬಾಳವ್ವ ಎಂದು ನಮ್ಮ ಶಾಲೆಯ ಹೆಸರು ಹೇಳಿದರು. ನೀವು ನಮ್ಮ ಮಕ್ಕಳನ್ನು ಎರವಲು ತಂದು ನಿಮ್ಮ ಸಂಖ್ಯೆ ತುಂಬಿಸಿದಿರಿ ಎಂದು ನಾನು ತಿಳಿದೆ. ಎರಡೂ ಶಾಲೆಗಳನ್ನು ಹೋಲಿಸಿ ಬರೆದುಕೊಡಿ ಎಂದು ಸಾಹೇಬರು ಕೇಳಿದರು. ನಾಲ್ಕು ಪುಟ ಬರೆದುಕೊಟ್ಟೆ. ಒಂದು ತಿಂಗಳಲ್ಲಿ ನಿಮ್ಮ ವರ್ಗವಾಯಿತು.

ಈಗ ಮಾಸ್ತರರ ಪುಟ ಬೇರೆಯದನ್ನೇ ಹೇಳುತ್ತಿದೆ. ಖರೆ ಯಾವುದು? ಒಂದು ಸಾಲು ಸಾಕು.

ಇಂತು,
ಶಿವಲಿಂಗವ್ವ ಗುರುಪುತ್ರಪ್ಪ ಹಟ್ಟಿಹೊಳಿ


ಶಹಾಪುರ, ಬೆಳಗಾವಿ
28 ಜೂನ್ 1982

ಶಿವಲಿಂಗವ್ವ,

ಮಾಸ್ತರರು ಬರೆದದ್ದು ಖರೆ.

ಒಂದು ಸಾಲು ಮುಗಿಯಿತು. ಆದರೆ ಮೂವತ್ತಮೂರು ವರ್ಷ ಮಕ್ಕಳಿಗೆ "ಉತ್ತರ ಪೂರ್ತಿ ಬರೆಯಿರಿ" ಎಂದು ಹೇಳಿದವಳು ನಾನು, ಅಷ್ಟಕ್ಕೇ ಲೇಖನಿ ಇಡಲು ಮನಸ್ಸು ಬರುವುದಿಲ್ಲ.

ನಿಮ್ಮ ಶಾಲೆಗೆ ಯಾವ ವರ್ಷವೂ ಮಕ್ಕಳು ಸಾಲುತ್ತಿರಲಿಲ್ಲ. ಊರಿನಲ್ಲಿ ಕನ್ನಡದ ಮನೆಗಳೇ ಕಡಿಮೆ. ಸಂಖ್ಯೆ ಇಳಿದರೆ ಎರಡನೆಯ ಮಾಸ್ತರರ ಜಾಗ ಹೋಗುತ್ತದೆ, ಮೂರನೆಯ ನಾಲ್ಕನೆಯ ಇಯತ್ತೆಯ ಮಕ್ಕಳು ಅಡವಿಯ ಅಂಚಿನಲ್ಲಿ ಗುಂಜಿಯವರೆಗೆ ನಡೆಯಬೇಕು. ತಪಾಸಣೆಯ ಹಿಂದಿನ ದಿನ ಭರಮಣ್ಣ ಮಾಸ್ತರರು ಗೋಡೆಯ ಹತ್ತಿರ ಬಂದು ಕೆಮ್ಮುತ್ತಿದ್ದರು. ನಾನು ಎಷ್ಟು ಎಂದು ಕೇಳುತ್ತಿದ್ದೆ. "ಹನ್ನೆರಡ ಕೊಡ್ರಿ ಬಾಯಾರ. ಒಂದೂ ಕಡಿಮಿ ಆಗದಂಗ ಎಣಿಸಿ ತಿರುಗಿ ಕೊಡ್ತೀನಿ" ಎನ್ನುತ್ತಿದ್ದರು, ಪಾತ್ರೆ ಕಡ ಕೇಳುವವರ ಹಾಗೆ, ಒಂದು ವರ್ಷ ಹನ್ನೆರಡು, ಇನ್ನೊಂದು ವರ್ಷ ಹದಿನಾಲ್ಕು. ಊರಿಗೆ ದಡಾರ ಬಂದ ವರ್ಷ ನಾನೂ ನಿಮ್ಮಿಂದ ಒಂಬತ್ತು ಮಕ್ಕಳನ್ನು ತಂದೆ. ಅದನ್ನೂ ಬರೆದಿಡುತ್ತೇನೆ, ಇಲ್ಲದಿದ್ದರೆ ನೀನು ನನ್ನನ್ನು ದೇವರ ಜಗಲಿಯ ಮೇಲೆ ಕೂರಿಸುತ್ತೀ.

ಇದಕ್ಕೆಲ್ಲ ಬೇಕಾದ ವೇಳೆ ಕೊಡುತ್ತಿದ್ದವಳು ನೀನೇ. ಸಾಹೇಬರು ಮುಂಜಾನೆ ಕನ್ನಡ ಶಾಲೆ ನೋಡಿ ನಿನ್ನ ಮನೆಗೆ ಊಟಕ್ಕೆ ಬಂದರೆ ಒಂದೂವರೆ ತಾಸು ಏಳುತ್ತಿರಲಿಲ್ಲ. ಅಷ್ಟರಲ್ಲಿ ಮಕ್ಕಳು ಗೋಡೆ ದಾಟಿ, ಮುಖ ತೊಳೆದು, ತಮ್ಮ ತಮ್ಮ ಹೆಸರು ನೆನಪು ಮಾಡಿಕೊಂಡು ನನ್ನ ಮುಂದೆ ಕೂತಿರುತ್ತಿದ್ದರು. ಆ ವರ್ಷ ಬಂದ ಹೊಸ ಸಾಹೇಬರು ಹಸಿವಿಲ್ಲ ಎಂದರು. ಅಷ್ಟೇ ಆದದ್ದು. ನೀನು ಕಂಡ ಹದಿನಾಲ್ಕು ಮಕ್ಕಳು ನನ್ನವರು, ನನ್ನ ಶಾಲೆಗೆ ಮರಳಿ ಬರುತ್ತಿದ್ದರು. ಗಡಿಬಿಡಿಯಲ್ಲಿ ಮುಂಜಾನೆ ಕಲಿತ ಹೆಸರೇ ಬಾಯಿಗೆ ಬಂತು.

ನಾನು ಬಾಯಿ ಬಿಟ್ಟಿದ್ದರೆ ಮಾಸ್ತರರ ನೌಕರಿ ಹೋಗುತ್ತಿತ್ತು, ನಿಮ್ಮ ನಾಲ್ಕನೆಯ ಇಯತ್ತೆಯೂ ಹೋಗುತ್ತಿತ್ತು. ಅದಕ್ಕೆ ಬಿಡಲಿಲ್ಲ. ನೀನು ಬಂದು ಕೇಳುತ್ತೀ ಎಂದುಕೊಂಡಿದ್ದೆ. ನಿನ್ನ ಮನೆಯ ಮುಂದಿನ ಖೋಲಿಯಲ್ಲೇ ಇದ್ದೆನಲ್ಲ, ಇಪ್ಪತ್ತೆರಡು ವರ್ಷ.

ಕುಮುದಿನಿ


ಹುಣಸಿಕೊಪ್ಪ
19 ಜುಲೈ 1982

ಕುಮುದಿನಿಗೆ,

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ವಿಚಾರಿಸದೆ ಉತ್ತರ ಬರೆಯಬಾರದೆಂದು ತಡೆದೆ. ಒಮ್ಮೆ ವಿಚಾರಿಸದೆ ಬರೆದದ್ದು ಸಾಕು.

ಮೊದಲು ನಿಂಗವ್ವನನ್ನು ಕೇಳಿದೆ. ನಮ್ಮ ಅಡಿಗೆಮನೆಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದವಳು. ಹಿಟ್ಟಿನಿಂದ ಕೈ ತೆಗೆಯದೆ, ಗೊತ್ತಿತ್ತು ಎಂದಳು. ಯಾರು ಯಾರಿಗೆ ಗೊತ್ತಿತ್ತು? ಊರಿಗೆಲ್ಲ. ನಮ್ಮ ಯಜಮಾನರಿಗೆ? ಅವರಿಗೂ. ನಮ್ಮ ಅತ್ತೆಯವರಿಗೆ? ಸಾಹೇಬರಿಗೆ ಇನ್ನೊಂದು ಹೋಳಿಗೆ ನೀಡು, ಇನ್ನೊಂದಿಷ್ಟು ತುಪ್ಪ ಹಾಕು ಎಂದು ಒಳಗಿನಿಂದ ಹೇಳಿ ಕಳಿಸುತ್ತಿದ್ದವರು ಅವರೇ ಅಲ್ಲವೇ ಎಂದಳು. ನಾನು ಅದನ್ನು ಮನೆತನದ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ನನಗೊಬ್ಬಳಿಗೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮಗ ಸುಳ್ಳ ಪಚನ ಆಗೂದಿಲ್ರಿ ಅವ್ವಾರ. ಅದಕ್ಕ ಯಾರೂ ಬಡಿಸಲಿಲ್ಲ" ಎಂದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಆಮೇಲೆ ಮಾರ್ತಾಂಡನನ್ನು ಕರೆಸಿದೆ. ಈಗ ಗುಂಜಿ ಸ್ಟೇಷನ್ನಿನಲ್ಲಿ ಹಳಿ ಕಾಯುವ ಗ್ಯಾಂಗಿನಲ್ಲಿದ್ದಾನೆ, ಒಂದು ಕೂಸಿನ ತಂದೆ. ಕೂರು ಎಂದರೆ ಕೂರಲಿಲ್ಲ. ಅಂದು ಮುಂಜಾನೆ ಮಾಸ್ತರರು ಅವನಿಂದ ಹತ್ತು ಸಲ ಬಸಯ್ಯ ಎನ್ನಿಸಿದ್ದರಂತೆ. "ಸಾಹೇಬ್ರು ಹೆಸರ ಕೇಳಿದಾಗ ಬಾಯಾರ ಮಾರಿ ನೋಡಿದೆರಿ. ಅವರು ಕಣ್ಣಲೇ ಏನೋ ಹೇಳಿದ್ರು. ನನಗ ತಿಳೀಲಿಲ್ಲ, ಬಸಯ್ಯ ಅಂದಬಿಟ್ಟೆ. ಬಾಯಾರು ಹ್ವಾದದ್ದು ನನ್ನಿಂದನ ಅಂತ ಆ ಮ್ಯಾಲೆ ಸಾಲಿಗೇ ಹೋಗಲಿಲ್ರಿ" ಎಂದ. ಒಂಬತ್ತು ವರ್ಷದವನು ಹೊತ್ತ ತಪ್ಪು ಅವನದಲ್ಲ ಎಂದು ನಾನು ಹೇಳಬೇಕಾಗಿತ್ತು. ಹೇಳಿದೆ. ಚಹಾ ಕುಡಿದು ಹೋದ.

ಅಂದು ಸಾಹೇಬರನ್ನು ಊಟಕ್ಕೆ ಕರೆಯಲು ನಾನು ಶಾಲೆಯ ಮುಂದಿನ ಹಾದಿಯವರೆಗೆ ಬಂದಿದ್ದೆ. ಅಲ್ಲಿಂದ ನನಗೆ ಕಂಡದ್ದು ಹದಿನಾಲ್ಕು ಬೆನ್ನು. ಮುಖ ನೋಡಿದ್ದರೆ ಅಪ್ಪಂದಿರ ಹೆಸರಿನ ಸಮೇತ ಗುರುತಿಸುತ್ತಿದ್ದೆ. ಗೋಡೆಯವರೆಗೆ ಇಪ್ಪತ್ತು ಹೆಜ್ಜೆ, ನಡೆಯಲಿಲ್ಲ. ಹೆಸರುಗಳನ್ನು ಸಾಹೇಬರ ಬಾಯಿಂದ ಕೇಳಿದೆ.

ಆದ್ದರಿಂದ ಹೊಸದಾಗಿ ಹೋಲಿಸಿ ಬರೆಯಬೇಕೆಂದು ಮಾಡಿದ್ದೇನೆ. ಈ ಸಲ ನೋಡಿ ಬರೆಯುತ್ತೇನೆ. ಹೋದ ಸೋಮವಾರ ನಮ್ಮ ಶಾಲೆಯ ಕಟ್ಟೆಯ ಮೇಲೆ ಒಂದು ತಾಸು ಕುಳಿತೆ, ಮಂಗಳವಾರ ನಿಮ್ಮ ಶಾಲೆಯ ಕಟ್ಟೆಯ ಮೇಲೆ. ಕೂತಲ್ಲಿ ನೋಡಿದ್ದು ಈಗಿನದಕ್ಕಿಂತ ಆಗಿನದೇ ಹೆಚ್ಚು. ನಮ್ಮ ಮಾವನವರು ಕೊಟ್ಟ ಜಾಗದಲ್ಲಿ ಕಟ್ಟಿದ ನಮ್ಮ ಶಾಲೆಗೆ ಸಾಗವಾನಿ ತೊಲೆ, ಕಪ್ಪು ಕಲ್ಲಿನ ನೆಲ, ಎರಡು ನಕಾಶೆ. ನಿಮ್ಮದು ಹಳೆಯ ಭತ್ತದ ಕೊಠಾರ. ಮಳೆಗಾಲದಲ್ಲಿ ಹೊಟ್ಟಿನ ವಾಸನೆ ಏಳುತ್ತಿತ್ತು, ಈಗಲೂ ಏಳುತ್ತದೆ. ಕಿಡಕಿ ಒಂದೇ. ಇದನ್ನೆಲ್ಲ 1971ರಲ್ಲಿ ಬರೆದಿದ್ದೆ, ಸುಳ್ಳಲ್ಲ. ಬರೆಯದೆ ಬಿಟ್ಟದ್ದು ಬೇರೆ. ನಮ್ಮ ಶಾಲೆಯಲ್ಲಿ ಹುಡುಗಿಯರು ಆರು, ನಿಮ್ಮಲ್ಲಿ ಹತ್ತೊಂಬತ್ತು. ಪ್ರತಿ ಜೂನಿನಲ್ಲಿ ನೀನು ಮನೆ ಮನೆಯ ಒಲೆಯ ಮುಂದೆ ಹೋಗಿ ಕೂರುತ್ತಿದ್ದೆ. ತಾಯಿ ಹೂಂ ಎನ್ನುವವರೆಗೆ ಏಳುತ್ತಿರಲಿಲ್ಲ, ಅವರ ಸೊಪ್ಪು ಸೋಸಿಕೊಡುತ್ತಿದ್ದೆ. ಒದ್ದೆಯಾಗಿ ಬಂದ ಹುಡುಗಿಯರ ತಲೆಯನ್ನು ನಿನ್ನ ಸೆರಗಿನಿಂದ ಒರೆಸಿ ಆಮೇಲೆ ಹಾಜರಿ ಕರೆಯುತ್ತಿದ್ದೆ. ನಮ್ಮ ಮಕ್ಕಳು ಕಪ್ಪು ಕಲ್ಲಿನ ನೆಲದ ಮೇಲೆ ಸಾಲಾಗಿ ಕೂತು ನಿಮ್ಮ ಶಾಲೆಯ ಹಾಡಿಗೆ ಕಿವಿ ಕೊಡುತ್ತಿದ್ದರು. ಅದನ್ನು ನಾನು ಕಟ್ಟೆಯ ಮೇಲೆ ನಿಂತು ಎಷ್ಟು ಸಲ ನೋಡಿಲ್ಲ. ನಾಲ್ಕು ಪುಟದಲ್ಲಿ ಅದಕ್ಕೆ ಜಾಗ ಕೊಡಲಿಲ್ಲ.

ನೀನು ಎಂದು ಬರೆದುಬಿಟ್ಟಿದ್ದೇನೆ. ಹೊಡೆದು ತಿದ್ದಿದರೆ ಕಾಗದ ಹೊಲಸಾಗುತ್ತದೆ. ಇರಲಿ.

ಮುಂದಿನ ವಾರ ಕಚೇರಿಗೆ ಕಳಿಸುತ್ತೇನೆ.

ಶಿವಲಿಂಗವ್ವ ಹಟ್ಟಿಹೊಳಿ


ಶಹಾಪುರ
3 ಆಗಸ್ಟ್ 1982

ಶಿವಲಿಂಗವ್ವ,

ಕಳಿಸಬೇಡ.

ನಿಮ್ಮ ಶಾಲೆಯಲ್ಲಿ ಈಗ ಎಷ್ಟು ಮಕ್ಕಳು ಎಂದು ನೀನು ಬರೆದಿಲ್ಲ. ಬರೆದಿಲ್ಲ ಎಂದರೆ ಕಡಿಮೆ ಇದ್ದಾರೆ. ಹಳೆಯ ಕಡತ ತೆರೆದರೆ ಸಾಹೇಬರು ಬರುತ್ತಾರೆ, ಒಂದೇ ಹೊತ್ತಿಗೆ ಎರಡೂ ಶಾಲೆಗಳಲ್ಲಿ ತಲೆ ಎಣಿಸುತ್ತಾರೆ. ಇಂದಿನ ಮಾಸ್ತರರು ಗೋಡೆಯ ಹತ್ತಿರ ಬಂದು ಕೆಮ್ಮುವುದಿಲ್ಲ ಎಂದು ಆಣೆ ಮಾಡಿ ಹೇಳುತ್ತೀಯಾ? ಹನ್ನೊಂದು ವರ್ಷ ನಾನು ಬಾಯಿ ಮುಚ್ಚಿಕೊಂಡದ್ದು ಆ ನಾಲ್ಕನೆಯ ಇಯತ್ತೆಗಾಗಿ. ನಿನ್ನ ಮನಸ್ಸು ಹಗುರಾಗಲಿ ಎಂದು ಅದನ್ನು ಮುಚ್ಚಿಸಬೇಡ.

ನೀನು ನಿಂಗವ್ವನನ್ನು ಕೇಳಿದೆ, ಮಾರ್ತಾಂಡನನ್ನು ಕೇಳಿದೆ, ಎರಡು ಕಟ್ಟೆಗಳ ಮೇಲೆ ತಾಸುಗಟ್ಟಲೆ ಕೂತೆ. ನನ್ನನ್ನು ಏನೂ ಕೇಳಲಿಲ್ಲ. ಇಷ್ಟು ವರ್ಷ ಎಲ್ಲಿದ್ದೆ, ಹೇಗಿದ್ದೆ ಎಂದು.

ಕುಮುದಿನಿ


ಹುಣಸಿಕೊಪ್ಪ
29 ಆಗಸ್ಟ್ 1982

ಕುಮುದಿನಿ,

ನಿನ್ನ ಪತ್ರ ಓದಿ ಸಿಟ್ಟು ಬಂತು. ಕಳಿಸಬೇಡ ಎಂದು ನನಗೆ ಹೇಳುವವರು ಈ ಊರಿನಲ್ಲಿ ಯಾರೂ ಉಳಿದಿಲ್ಲ. ಮೂರು ದಿನ ಸಿಟ್ಟಿನಲ್ಲೇ ಇದ್ದೆ.

ಕಚೇರಿಗೆ ಬೇಡವಾದರೆ ಊರಿಗೆ ಹೇಳುತ್ತೇನೆ ಎಂದು ನಿಶ್ಚಯ ಮಾಡಿದೆ. ಆಗಸ್ಟ್ ಹದಿನೈದರಂದು ಎರಡೂ ಶಾಲೆಗಳ ಧ್ವಜ ಒಂದೇ ಹೊತ್ತಿಗೆ ಏರುವುದು ನಿನಗೆ ನೆನಪಿರಬಹುದು, ಗೋಡೆಯ ಈಚೆ ಒಂದು, ಆಚೆ ಒಂದು. ಅಧ್ಯಕ್ಷೆಯ ಭಾಷಣ ಈಚೆಗೆ ಮಾತ್ರ. ಈ ಸಲ ನಾನು ಗೋಡೆಯ ಕಲ್ಲು ಉದುರಿ ಸಂದಾದ ಕಡೆ ನಿಂತೆ. ಕಚೇರಿಯವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, 1971ರಲ್ಲಿ ನಾನು ಬರೆದದ್ದು ತಪ್ಪು, ಆ ಹದಿನಾಲ್ಕು ಮಕ್ಕಳು ಕುಮುದಿನಿ ಬಾಯಿಯವರ ಮಕ್ಕಳೇ, ನಮ್ಮ ಶಾಲೆ ಉಳಿಯಲೆಂದು ಅವರು ಕೊಟ್ಟಿದ್ದರು ಎಂದು ಎರಡೂ ಅಂಗಳಕ್ಕೆ ಕೇಳುವಂತೆ ಹೇಳಿದೆ. ಕನ್ನಡದಲ್ಲಿ ಒಮ್ಮೆ ಹೇಳಿ, ನನಗೆ ಬರುವ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ.

ಜನ ಬೆರಗಾಗುತ್ತಾರೆ ಎಂದುಕೊಂಡಿದ್ದೆ. ಯಾರೂ ಆಗಲಿಲ್ಲ. ಮಕ್ಕಳು ಶೇಂಗಾದ ಉಂಡೆಯ ಬುಟ್ಟಿ ನೋಡುತ್ತಿದ್ದರು. ದೊಡ್ಡವರು ನೆಲ ನೋಡುತ್ತಿದ್ದರು. ಆಚೆಯ ಅಂಗಳದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದ ಸಾತವ್ವ ಮುದುಕಿ ಗೋಡೆಯ ಮೇಲೆ ಮೊಣಕೈ ಊರಿ ಹೇಳಿದಳು:

"ನಮಗ ಗೊತ್ತಿದ್ದದ್ದ ನಮಗ್ಯಾಕ ಹೇಳತೀರಿ ಅವ್ವಾರ? ಯಾರಿಗೆ ಹೇಳಬೇಕೋ ಅವರು ಬೆಳಗಾಂವದಾಗ ಅದಾರ."

ನನ್ನ ಮಗಳ ವಯಸ್ಸಿನವರ ಮುಂದೆ, ಮೊಮ್ಮಕ್ಕಳ ಮುಂದೆ ನಿಂತು ಈ ಮಾತು ಕೇಳಿಸಿಕೊಂಡೆ. ಆಕೆ ಹೇಳಿದ್ದು ಸರಿ. ಉಂಡೆ ಹಂಚಿ ಮನೆಗೆ ಬಂದೆ.

ಅದಕ್ಕೆ ಯಾರಿಗೆ ಹೇಳಬೇಕೋ ಅವರಿಗೆ ಬರೆಯುತ್ತಿದ್ದೇನೆ. ತಪ್ಪು ನನ್ನದು. ಬೆಳಗಾವಿಯ ಹೈಸ್ಕೂಲಿನಲ್ಲಿ ಮೂರು ವರ್ಷ ನೀನು ನನ್ನ ಬಾಜು ಕೂತವಳು. ನಾನು ಲಗ್ನವಾಗಿ ಈ ಊರಿಗೆ ಬಂದ ಐದು ವರ್ಷಕ್ಕೆ ನೀನು ನೌಕರಿಯ ಕಾಗದ ಹಿಡಿದು ಇದೇ ಊರಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತಾಗ, ಆ ದಿನ ನಾನು ಒಲೆಯ ಮೇಲಿನ ಹಾಲು ಉಕ್ಕಿಸಿದ್ದೆ. ಶನಿವಾರ ಸಂಜೆ ಹಿತ್ತಲಲ್ಲಿ ಕೂತು ಇಬ್ಬರೂ ನಿನ್ನ ಶಾಲೆಯ ಮಕ್ಕಳ ಹರಿದ ಪುಸ್ತಕಗಳಿಗೆ ಗಂಜಿ ಹಚ್ಚುತ್ತಿದ್ದೆವು. ಕೇಳಬೇಕಾದ ಒಂದು ಮಾತನ್ನು ಅಂಗಳ ದಾಟಿ ಬಂದು ಕೇಳಲಿಲ್ಲ. ಕೇಳಿದರೆ ನೀನು ಸುಳ್ಳು ಹೇಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲವೇನೋ ಎಂದು ಈಗ ಅನ್ನಿಸುತ್ತದೆ. ನಮ್ಮ ಶಾಲೆ ನಿಮ್ಮದಕ್ಕಿಂತ ಮೇಲೆಂದು ನಾನು ಬರೆಯಬೇಕಾಗಿತ್ತು, ಅಂದು ಕೈಗೆ ಕಾರಣ ಸಿಕ್ಕಿತು.

ಇದರ ಜೊತೆ ಕಚೇರಿಗೆ ಬರೆದ ಹೊಸ ಹೋಲಿಕೆಯ ಕಾಗದ ಇಟ್ಟಿದ್ದೇನೆ. ಸಹಿ ಮಾಡಿದ್ದೇನೆ, ಲಕೋಟೆಯ ಮೇಲೆ ವಿಳಾಸವಿದೆ. ಈ ವರ್ಷ ನಮ್ಮ ಪಟದಲ್ಲಿ ನಲವತ್ತೊಂದು ಹೆಸರು, ಕೂರುವವರು ಇಪ್ಪತ್ತೊಂಬತ್ತು. ಕಾಗದ ಮುಟ್ಟಿದರೆ ಎಣಿಸಲು ಬರುತ್ತಾರೆ, ಮಾವನವರ ಶಾಲೆಯ ಅರ್ಧ ಹೋಗುತ್ತದೆ. ಅದು ಗೊತ್ತಿದ್ದೇ ಸಹಿ ಮಾಡಿದ್ದು. ಟಪಾಲಿಗೆ ಹಾಕುವುದು, ಹರಿಯುವುದು ನಿನಗೆ ಬಿಟ್ಟದ್ದು. ನಾನು ಏಕೆ ಎಂದು ಕೇಳುವುದಿಲ್ಲ.

ಇಷ್ಟು ವರ್ಷ ಎಲ್ಲಿದ್ದೆ? ಹೇಗಿದ್ದೆ?

ಶಿವಲಿಂಗವ್ವ


ಹುಣಸಿಕೊಪ್ಪ
30 ಸೆಪ್ಟೆಂಬರ್ 1982

ಕುಮುದಿನಿ,

ತಿಂಗಳಾಯಿತು. ಪತ್ರವಿಲ್ಲ. ಎಣಿಸಲು ಸಾಹೇಬರೂ ಬಂದಿಲ್ಲ. ನಿನ್ನ ಪ್ರಕೃತಿ ನೆಟ್ಟಗಿದೆಯೇ, ಅಷ್ಟಾದರೂ ತಮ್ಮನಿಂದ ಬರೆಸು.

ಶಿವಲಿಂಗವ್ವ


ಶಹಾಪುರ
20 ಅಕ್ಟೋಬರ್ 1982

ಶಿವಲಿಂಗವ್ವ,

ಪ್ರಕೃತಿ ನೆಟ್ಟಗಿದೆ. ತಡ ಮಾಡಿದ್ದು ಬೇಕೆಂದೇ. ಹನ್ನೊಂದು ವರ್ಷಕ್ಕೆ ಏಳು ವಾರ ಹೆಚ್ಚಾಗಲಿಲ್ಲ.

ಕೇಳಿದ್ದಕ್ಕೆ ಹೇಳುತ್ತೇನೆ. ವರ್ಗವಾದ ಊರು ಅಡವಿಯ ನಡುವೆ. ಮೊದಲ ವರ್ಷ ಯಾರ ಜೊತೆಯೂ ಮಾತಾಡಲಿಲ್ಲ, ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಎರಡನೆಯ ಜೂನಿನಲ್ಲಿ ಒಂದು ಮನೆಯ ಒಲೆಯ ಮುಂದೆ ಹೋಗಿ ಕೂತೆ. ಹುಡುಗಿ ಬಂದಳು. ಆ ವರ್ಷ ಏಳು, ಕೊನೆಯ ವರ್ಷ ಹದಿನಾರು. ಅಲ್ಲಿ ಗೋಡೆಯೂ ಇರಲಿಲ್ಲ, ಆಚೆ ಇನ್ನೊಂದು ಶಾಲೆಯೂ ಇರಲಿಲ್ಲ. ತಪಾಸಣೆಯ ದಿನ ಇದ್ದಷ್ಟೇ ಮಕ್ಕಳನ್ನು ತೋರಿಸುತ್ತಿದ್ದೆ. ಮಾಸ್ತರರ ಕೆಮ್ಮು ನೆನಪಾಗಿ ಅಳು ಬರುತ್ತಿತ್ತು ಎಂದರೆ ನೀನು ನಂಬುತ್ತೀಯೋ ಇಲ್ಲವೋ.

ನಿನ್ನ ಹೊಸ ಹೋಲಿಕೆಯನ್ನು ಎರಡು ಸಲ ಓದಿದೆ. ಇದರಲ್ಲೂ ತಪ್ಪಿದೆ. ನಮ್ಮ ಕೊಠಾರಕ್ಕೆ ಕಿಡಕಿ ಎರಡು, ಒಂದರ ಮುಂದೆ ಕಪಾಟು ಇಟ್ಟಿದ್ದೆವು. ನನ್ನ ಬಗ್ಗೆ ಬರೆದದ್ದು ಹೆಚ್ಚಾಯಿತು, ಭರಮಣ್ಣ ಮಾಸ್ತರರ ಬಗ್ಗೆ ಬರೆದದ್ದು ಕಡಿಮೆಯಾಯಿತು. ತಮ್ಮ ಮಕ್ಕಳ ಜೊತೆ ನನ್ನ ಮಕ್ಕಳಿಗೂ ಅವರು ಲೆಕ್ಕ ಕಲಿಸಿ ಮರಳಿಸುತ್ತಿದ್ದರು.

ಟಪಾಲಿಗೆ ಹಾಕಲಿಲ್ಲ. ಹರಿಯಲೂ ಇಲ್ಲ. ನನ್ನ ಮೇಲೆ ನೀನು ಬರೆದದ್ದು ಹನ್ನೊಂದು ವರ್ಷದಿಂದ ಕಚೇರಿಯ ಕಪಾಟಿನಲ್ಲಿದೆ. ನಿನ್ನ ಮೇಲೆ ನೀನೇ ಬರೆದುಕೊಂಡದ್ದು ಇನ್ನು ನನ್ನ ಕಪಾಟಿನಲ್ಲಿರಲಿ.

ನನ್ನನ್ನು ಇಷ್ಟು ವರ್ಷ ನೋಯಿಸಿದ್ದು ಆ ನಾಲ್ಕು ಪುಟಗಳಲ್ಲ. ನಾನು ಊರು ಬಿಟ್ಟ ಮುಂಜಾನೆ ಚಕ್ಕಡಿ ನಿನ್ನ ಅಂಗಳದಲ್ಲೇ ನಿಂತಿತ್ತು. ಹಾಸಿಗೆಯ ಸುರುಳಿಯನ್ನು ನಾನೇ ಎತ್ತಿ ಇಟ್ಟೆ. ನೀನು ಬಾಗಿಲಿಗೆ ಬರಲಿಲ್ಲ. ಕಿಡಕಿಯ ಹಿಂದೆ ನಿನ್ನ ಸೀರೆಯ ಅಂಚು ಕಂಡಿತು.

ನವೆಂಬರ್ ಮೂರು, ಬುಧವಾರ, ಮುಂಜಾನೆಯ ಗಾಡಿಗೆ ಗುಂಜಿಗೆ ಬರುತ್ತೇನೆ. ನಾಲ್ಕು ದಿನ ಇರುತ್ತೇನೆ. ಸ್ಟೇಷನ್ನಿಗೆ ಆಳನ್ನು ಕಳಿಸಬೇಡ. ನೀನು ಬಾ.

ಕುಮುದಾ


ಹುಣಸಿಕೊಪ್ಪ
25 ಅಕ್ಟೋಬರ್ 1982

ಕುಮುದಾ,

ಮಾರ್ತಾಂಡನನ್ನು ವಿಚಾರಿಸಿದೆ. ಗಾಡಿ ಗುಂಜಿಗೆ ಒಂಬತ್ತೂವರೆಗೆ. ನಾನು ಎಂಟಕ್ಕೇ ಬಂದು ಕುಳಿತಿರುತ್ತೇನೆ.

ಶಿವಿ